ತಿನ್ನಬಹುದು, ತರುವಂತಿಲ್ಲ

ಆಗಸ್ಟ್ 11, ಸೋಮವಾರ

ಇದು ಅಡುಗೆ ಸಾಮಾನಿನ ಪಟ್ಟಿ ಬರೆಯುವ ಪುಸ್ತಕ. ಮೊದಲ ಹಾಳೆಗಳಲ್ಲಿ ಬಾಳೆಕಾಯಿ, ಒಣಮೀನು, ಉಪ್ಪು ಎಂದೆಲ್ಲ ಇದೆ. ಇವತ್ತು ಪುಸ್ತಕ ಮಗುಚಿ ಹಿಂದಿನಿಂದ ಬರೆಯುತ್ತಿದ್ದೇನೆ. ಬರೆಯದಿದ್ದರೆ ಯಾರ ಮೇಲಾದರೂ ಹರಿಹಾಯುತ್ತೇನೆ. ಬೆಳಗಿನಿಂದ ಆಗಲೇ ನಾಲ್ಕು ಜನರಿಗೆ ಬೈದಾಗಿದೆ.

ಇಕೋಮೆ ಇನ್ನೂ ಬೆಟ್ಟದಿಂದ ಇಳಿದಿಲ್ಲ. ನನಗಿರುವವನು ಅವನೊಬ್ಬನೇ ತಮ್ಮ. ಹದಿನಾರು ವರ್ಷ ಚಿಕ್ಕವನು, ನಾನೇ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ್ದು. ಈ ಮಳೆಗಾಲದಲ್ಲಿ ಬೆಟ್ಟದ ಬುಡದ ನಮ್ಮ ಬುಯಾ ಊರಿನ ನಾಯಿ ಕೂಡ ಬೆಟ್ಟದ ಕಡೆ ಮುಖ ಮಾಡುವುದಿಲ್ಲ. ಯಾವನೋ ಪೇಟೆಯವನು ತುದಿ ನೋಡಲೇಬೇಕೆಂದು ಹಟ ಹಿಡಿದನಂತೆ, ಇವನು ದಾರಿ ತೋರಿಸಲು ಹೊರಟನಂತೆ. ಶುಕ್ರವಾರ ಪೇಟೆಯವನು ಒಬ್ಬನೇ ಇಳಿದು ಬಂದ. ಎರಡನೇ ತಂಗುಮನೆಯ ಮೇಲ್ಗಡೆ ಮಂಜು ಕವಿಯಿತು, ತಾನು ತಿರುಗಿ ನೋಡುವಷ್ಟರಲ್ಲಿ ಹಿಂದೆ ಬರುತ್ತಿದ್ದ ಇಕೋಮೆ ಇರಲಿಲ್ಲ ಎಂದ. ಕೇರಿಯ ಗಂಡಸರು ಎರಡು ದಿನ ಹುಡುಕಿ, ಆಲಿಕಲ್ಲಿನ ಹೊಡೆತ ತಿಂದು ವಾಪಸು ಬಂದರು.

ಊರಿನವರದ್ದೆಲ್ಲ ಒಂದೇ ರಾಗ. ಇಕೋಮೆ ಅಜ್ಜನ ತೋಟದಿಂದ ಏನೋ ಎತ್ತಿಕೊಂಡಿದ್ದಾನೆ, ಅದಕ್ಕೇ ಅಜ್ಜ ಬಿಡುತ್ತಿಲ್ಲ ಎಂದು. ಅಜ್ಜ ಎಂದರೆ ಎಪಾಸಾ ಮೋಟೊ, ಬೆಟ್ಟದ ಒಡೆಯ. ಬಲಗಡೆ ಮನುಷ್ಯ, ಎಡಗಡೆ ಕಲ್ಲು. ಅವನ ತೋಟದ ಕಬ್ಬನ್ನು ಹೊಟ್ಟೆ ತುಂಬ ತಿನ್ನಬಹುದು, ಒಂದು ಸಿಪ್ಪೆಯನ್ನೂ ಕೆಳಗೆ ತರುವಂತಿಲ್ಲ. ತಂದರೆ ದಾರಿ ಸಿಗುವುದಿಲ್ಲ. ಹಲ್ಲು ಮೂಡದ ಮಕ್ಕಳಿಗೂ ಗೊತ್ತಿರುವ ಮಾತು. ನಾನು ಹದಿನೈದು ವರ್ಷ ಬೆಟ್ಟ ಹತ್ತುವವರಿಗೆ ಅಡುಗೆ ಮಾಡಿ ಹಾಕಿದ್ದೇನೆ, ಅವರ ಮೂಟೆ ಹೊತ್ತಿದ್ದೇನೆ. ಆ ತೋಟವನ್ನು ಒಮ್ಮೆಯೂ ಕಂಡಿಲ್ಲ. ಆದರೂ ಇಳಿಯುವಾಗ ಪ್ರತಿ ಸಲ ಜೇಬು ಕೊಡವಿಯೇ ಇಳಿದಿದ್ದೇನೆ.

ಅವನು ಕೊಡವುವವನಲ್ಲ. ಕಳ್ಳ. ಬರೆದೇಬಿಟ್ಟೆ. ಅಮ್ಮ ಸತ್ತ ದಿನ ಅವಳ ಹೊಗೆಸೊಪ್ಪಿನ ಚಿಲುಮೆ ಕಾಣೆಯಾಯಿತು. ಅಮ್ಮನ ತುಟಿಯ ಗುರುತು ಬಿದ್ದಿದ್ದ ಮಣ್ಣಿನ ಚಿಲುಮೆ, ನನಗೆ ಅದೊಂದು ಸಾಕಿತ್ತು. ಆ ಹೊತ್ತಿಗೆ ಒಳಗಿದ್ದವರು ನಾವಿಬ್ಬರೇ. ಎಂಟು ವರ್ಷವಾಯಿತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ದಾರಿಯಲ್ಲಿ ಎದುರಾದರೆ "ಊಟ ಆಯ್ತಾ" ಎನ್ನುತ್ತೇವೆ, ಮುಂದಕ್ಕೆ ಹೋಗುತ್ತೇವೆ.

ನಾಳೆ ಬೆಳಿಗ್ಗೆ ಮೋಲಾ ಎಫಾಂಗೆ ಜೊತೆಗೆ ಬರುತ್ತಾರೆ. ಅಮ್ಮನ ಕಡೆಯ ನೆಂಟರು, ಹಳೆಯ ಬೇಟೆಗಾರರು, ಹಿರಿಯರೆಂದು ಊರೆಲ್ಲ ಮೋಲಾ ಎನ್ನುತ್ತದೆ. ಎಪ್ಪತ್ತು ದಾಟಿದರೂ ಕಾಲು ಗಟ್ಟಿ. ಬದುಕಿದ್ದರೆ ಅವನ ಕೆನ್ನೆಗೆ ಬಾರಿಸಿ ಕರೆತರುತ್ತೇನೆ. ಇಲ್ಲದಿದ್ದರೆ ಹೊತ್ತು ತರುತ್ತೇನೆ. ಎರಡೂ ನನ್ನದೇ ಕೆಲಸ.

ಆಗಸ್ಟ್ 12, ಮಂಗಳವಾರ. ಮೊದಲನೇ ತಂಗುಮನೆ

ದಿನವಿಡೀ ಕಾಡು. ಮೇಲಿಂದ ಮಳೆ, ಕೆಳಗೆ ಮೊಣಕಾಲಿನವರೆಗೆ ಕೆಸರು. ಬೇಸಿಗೆಯಲ್ಲಿ ಮೂರು ಗಂಟೆಯ ದಾರಿ, ನಮಗೆ ಎಂಟು ಗಂಟೆ ಹಿಡಿಯಿತು.

ಮೋಲಾ ಎಫಾಂಗೆಯ ಬಾಯಿ ಮಾತ್ರ ದಣಿಯಲಿಲ್ಲ.

"ಏನೇ ಲಿಮುಂಗಾ, ಇಷ್ಟು ದೊಡ್ಡ ಮೂಟೆ ಕಟ್ಟಿದ್ದೀಯ? ಮೇಲೆ ಸಂಸಾರ ಹೂಡೋಕೆ ಹೊರಟಿದ್ದೀಯಾ?"

"ನಿಮ್ಮನ್ನ ಹೊತ್ಕೊಂಡು ಇಳೀಬೇಕಾಗತ್ತಲ್ಲ ಮೋಲಾ, ಹಗ್ಗ ಬೇಡ್ವಾ?"

"ನನ್ನ ಹೊರೋ ಹೆಂಗಸು ಇನ್ನೂ ಹುಟ್ಟಿಲ್ಲ ಬಿಡು. ನಿಮ್ಮಮ್ಮ ಒಂದು ಸಲ ಪ್ರಯತ್ನ ಮಾಡಿದ್ಲು. ಚಿಲುಮೆ ಕಚ್ಕೊಂಡೇ ಎತ್ತೋಕೆ ಬಂದ್ಲು, ನನ್ನ ಗಡ್ಡ ಸುಟ್ಟಿತ್ತು."

ನಕ್ಕೆ. ಆಮೇಲೆ ಚಿಲುಮೆ ನೆನಪಾಗಿ ಹೊಟ್ಟೆ ಉರಿಯಿತು.

ಮಧ್ಯಾಹ್ನದ ಹೊತ್ತಿಗೆ ಎಡಗಾಲಿನ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಹಗ್ಗ ಸುತ್ತಿದೆ. ಒಳಗೆ ತುರುಕಲು ಮನೆಯಿಂದ ಒಣ ಬಾಳೆಎಲೆ ತಂದಿದ್ದೆ. ಹೊರೆ ಹೊರುವವರೆಲ್ಲ ಮಾಡುವುದು ಅದನ್ನೇ. ಬೂಟು ಒದ್ದೆಯಾದರೆ ಎಲೆಯೋ ಹುಲ್ಲೋ ತುರುಕುವುದು, ಅದು ನೆನೆದರೆ ಬಿಸಾಕಿ ಬೇರೆ ತುರುಕುವುದು. ಕಾಲು ಬೆಚ್ಚಗಿದ್ದರೆ ಬೆಟ್ಟ ಅರ್ಧ ಹತ್ತಿದ ಹಾಗೆ.

ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಮಾತು ಕೇಳಿಸುತ್ತಿಲ್ಲ. ಮುದುಕರು ಬಾಗಿಲ ಹೊರಗೆ ಒಂದು ತೊಟ್ಟು ಹೆಂಡ ಚೆಲ್ಲಿ ಅಜ್ಜನಿಗೆ ನಾವು ಬಂದಿರುವ ಕಾರಣ ಹೇಳಿದರು. ಸುಳ್ಳು ಸೇರಿಸಲಿಲ್ಲ. "ಒಬ್ಬ ಹುಡುಗನ್ನ ಕರ್ಕೊಂಡು ಹೋಗೋಕೆ ಬಂದಿದ್ದೀವಿ. ಬೇರೇನೂ ಬೇಡ" ಎಂದರು.

ಆಗಸ್ಟ್ 13, ಬುಧವಾರ. ಎರಡನೇ ತಂಗುಮನೆ

ಇವತ್ತಿನದನ್ನು ಯಾರಿಗೂ ಹೇಳುವುದಿಲ್ಲ, ಇಲ್ಲಿ ಮಾತ್ರ ಬರೆಯುತ್ತೇನೆ.

ಕಾಡು ಮುಗಿದು ಹುಲ್ಲಿನ ಏರು ಶುರುವಾಗುವಲ್ಲಿ ಬಿಸಿಲಿತ್ತು. ಕೆಳಗೆ ಊರಿನ ತಗಡುಗಳು, ಅದರಾಚೆ ಕಡಲು. ಹತ್ತು ನಿಮಿಷ, ಅಷ್ಟೇ. ಆಮೇಲೆ ಗಾಳಿ ನನ್ನ ತಲೆಯ ಬಟ್ಟೆಯನ್ನು ಕಿತ್ತುಕೊಂಡು ಹೋಯಿತು. ಆಲಿಕಲ್ಲು ಬಿತ್ತು. ಅದು ನಿಂತಿತು ಎನ್ನುವಾಗ ಮಂಜು. ಮುಂದೆ ಹೋಗುತ್ತಿದ್ದ ಮುದುಕರ ಬೆನ್ನು ಕಾಣದೆ ಅವರ ಕೋಲಿನ ತುದಿ ಹಿಡಿದು ನಡೆದೆ. ಬೆಟ್ಟ ಉಗುಳಿದ ಕಪ್ಪು ಕಲ್ಲು ಕಾಲಡಿ ಕರಕರ ಅನ್ನುತ್ತಿತ್ತು. ಒಂದು ಕಡೆ ಆ ಸದ್ದು ನಿಂತುಹೋಯಿತು. ನೋಡಿದರೆ ಕೆಳಗೆ ಮೆತ್ತನೆಯ ಮಣ್ಣು.

ಅಲ್ಲಿ ಮಳೆ ಬೀಳುತ್ತಿರಲಿಲ್ಲ. ಸುತ್ತಲೂ ಬೀಳುವ ಸದ್ದು ಕೇಳುತ್ತಿತ್ತು, ನಮ್ಮ ಮೇಲೆ ಒಂದು ಹನಿ ಇಲ್ಲ. ಕಬ್ಬು ನಿಂತಿತ್ತು. ಈ ಎತ್ತರದಲ್ಲಿ ಮುಳ್ಳುಗಿಡವೂ ಮೊಣಕಾಲು ಮುಟ್ಟುವುದಿಲ್ಲ, ಕಬ್ಬು ನನ್ನ ಎರಡರಷ್ಟಿತ್ತು. ಮುದುಕರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಬಾಯಿ ಮುಚ್ಚಿಕೊಂಡರು. ಅವರು ಬಾಯಿ ಮುಚ್ಚಿದ್ದೇ ನನಗೆ ಹೆದರಿಕೆಯಾಗಲು ಸಾಕಾಯಿತು.

ಸಾಲಿನ ಕೊನೆಯಲ್ಲಿ ಒಂದು ಗುದ್ದಲಿ ನೆಲಕ್ಕೆ ಕಚ್ಚಿ ನಿಂತಿತ್ತು. ಹಿಡಿಯನ್ನು ಮುಟ್ಟಿದೆ. ಬೆಚ್ಚಗಿತ್ತು. ಪಕ್ಕದಲ್ಲಿ ಹೆಜ್ಜೆಗಳು. ಬಲಗಾಲಿನದು ಮನುಷ್ಯರ ಹಾಗೆ, ಐದು ಬೆರಳು. ಎಡಗಡೆ ಬರೀ ಗುಳಿ, ಬಂಡೆ ಎತ್ತಿ ಹಾಕಿದರೆ ಬೀಳುವಂಥ ಗುಳಿ.

"ತಿನ್ನು" ಎಂದರು ಮೋಲಾ ಎಫಾಂಗೆ. "ತಿನ್ನದೆ ಹೋದ್ರೂ ಮರ್ಯಾದೆ ಅಲ್ಲ. ತಿಂದು ಇಲ್ಲೇ ಉಗೀ."

ತಿಂದೆ. ಅಂಥ ಸಿಹಿ ನಾನು ಕಂಡಿಲ್ಲ. ಕೂತಾಗ ಎಡ ಬೂಟು ಬಿಚ್ಚಿ ನೋಡಿದೆ, ಬಾಳೆಎಲೆ ನೆನೆದು ಗಂಜಿಯಾಗಿತ್ತು. ಅದನ್ನು ತೆಗೆದು, ಕಾಲ ಬಳಿಯಿದ್ದ ಒಣಹುಲ್ಲನ್ನು ಎರಡು ಹಿಡಿ ಕಿತ್ತು ತುರುಕಿದೆ. ಎಂಥ ಹುಲ್ಲು! ಕಾಲಿಟ್ಟ ಕೂಡಲೇ ಒಲೆಯ ಮುಂದೆ ಕೂತ ಹಾಗಾಯಿತು. ಹೊರಡುವಾಗ ಇಬ್ಬರೂ ಜೇಬು ಮಗುಚಿ ಕೊಡವಿದೆವು, ಮೂಟೆ ಬಿಚ್ಚಿ ಕೊಡವಿದೆವು. ಮುದುಕರು ಹಲ್ಲಿನ ಸಂದಿಯ ನಾರನ್ನೂ ಕಡ್ಡಿಯಿಂದ ತೆಗೆದು ಅಲ್ಲೇ ಹಾಕಿದರು.

ನಾಲ್ಕು ಹೆಜ್ಜೆ ಆಚೆ ಮತ್ತೆ ಕಪ್ಪು ಕಲ್ಲು, ಮತ್ತೆ ಮಳೆ. ತಿರುಗಿ ನೋಡಿದೆ. ಏನೂ ಇರಲಿಲ್ಲ.

ಇಕೋಮೆ ಈ ತೋಟ ನೋಡಿರುತ್ತಾನೆ. ನೋಡಿದವನು ಕೈ ಸುಮ್ಮನಿಟ್ಟುಕೊಂಡಿರುತ್ತಾನಾ?

ಆಗಸ್ಟ್ 14, ಗುರುವಾರ

ಸಿಕ್ಕಿದ. ಬದುಕಿದ್ದಾನೆ. ಬದುಕಿದ್ದಾನೆ.

ಬೆಳಿಗ್ಗೆ ಬಿರುಗಾಳಿಯಲ್ಲಿ ಹೊರಟು ತಂಗುಮನೆಯಿಂದ ಮೇಲಕ್ಕೆ ಒಂದೊಂದೇ ಬಿರುಕು ಇಣುಕುತ್ತ ಹೋದೆವು. ಎಡಗಾಲು ಸ್ವಲ್ಪ ಭಾರವಾಗಿದೆ. ಬೂಟಿಗೆ ಸುತ್ತಿದ ಹಗ್ಗ ಬಿಗಿಯಾಗಿರಬೇಕು. ಕಲ್ಲು ಗುಳ್ಳೆಯೆದ್ದು ಆರಿ ಗುಹೆಯಾದ ಜಾಗವೊಂದರಿಂದ ಯಾರೋ ಕೂಗಿದರು, "ಬೇಡಿ! ನನ್ನ ಹತ್ರ ಏನೂ ಇಲ್ಲ!"

ಒಳಗೆ ಇಕೋಮೆ ಮುದುಡಿಕೊಂಡಿದ್ದ. ಹರಡು ಮುರಿದು ಕಾಲು ಕುಂಬಳಕಾಯಿಯಷ್ಟು ಊದಿತ್ತು. ಬಂಡೆಯಿಂದ ಸೋರುವ ನೀರು ಕುಡಿದು, ಕೈಗೆಟುಕುವ ಮುಳ್ಳುಗಿಡದ ಹಣ್ಣು ತಿಂದು ಆರು ದಿನ ಕಳೆದಿದ್ದಾನೆ. ನನ್ನನ್ನು ನೋಡಿ ಕಣ್ಣು ಉಜ್ಜಿಕೊಂಡ.

"ಅಕ್ಕಾ... ಊಟ ಆಯ್ತಾ?"

ಕೆನ್ನೆಗೆ ಬಾರಿಸಿದೆ. ಆಮೇಲೆ ಅವನ ತಲೆಯನ್ನು ಎದೆಗೊತ್ತಿಕೊಂಡು ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಮೈ ಕಾದ ಕಾವಲಿಯಂತಿತ್ತು.

"ಯಾಕೋ ಹಾಗೆ ಕೂಗ್ದೆ?"

"ಅವನು ಅಂದ್ಕೊಂಡೆ. ದಿನಾ ಆಚೆ ಓಡಾಡ್ತಾನೆ. ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ಟಕ್ ಅಂತ. ಮೆತ್ತಗೆ, ಟಕ್. ನೀನು ಬರೋವಾಗ್ಲೂ ಅದೇ ಸದ್ದಾಯ್ತು."

"ಜ್ವರ ತಲೆಗೇರಿದೆ ನಿಂಗೆ" ಎಂದೆ.

ಮೋಲಾ ಎಫಾಂಗೆ ನಗಲಿಲ್ಲ. ನನ್ನ ಬೂಟಿನ ಕಡೆ ನೋಡಿದರು, ಆಮೇಲೆ ಮಂಜಿನ ಕಡೆ.

ಇಬ್ಬರೂ ಸೇರಿ ತಂಗುಮನೆಗೆ ತಂದು ಹಾಕಿದ್ದೇವೆ. ಮುದುಕರು ಹರಡಿಗೆ ಕಡ್ಡಿ ಕಟ್ಟಿದ್ದಾರೆ. ಜ್ವರ ಇಳಿದಿಲ್ಲ, ಕಾಲು ಕಪ್ಪಗಾಗುತ್ತಿದೆ. ಎರಡು ಮೂರು ದಿನದಲ್ಲಿ ಕೆಳಗೆ ಮುಟ್ಟಿಸದಿದ್ದರೆ ಕಾಲು ಹೋಗುತ್ತದೆ, ಕಾಲಿನ ಹಿಂದೆ ಅವನೂ ಹೋಗುತ್ತಾನೆ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆಗಸ್ಟ್ 15, ಶುಕ್ರವಾರ

ಬೆಳಿಗ್ಗೆ ಇವನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯಲು ಹೊರಟೆ. ಮುದುಕರು ಮುಂದೆ. ಮೂರು ಗಂಟೆ ಇಳಿದೆವು. ಇಳಿದೇ ಇಳಿದೆವು, ಮೊಣಕಾಲು ಸಾಕ್ಷಿ. ಮಂಜಿನಲ್ಲಿ ಒಂದು ತಗಡಿನ ಗೋಡೆ ಎದುರಾಯಿತು. ಮೊದಲನೇ ತಂಗುಮನೆ ಎಂದುಕೊಂಡು ಬಾಗಿಲು ತಳ್ಳಿದರೆ ನಮ್ಮದೇ ಬೂದಿ, ನಾವೇ ಬಿಟ್ಟುಹೋದ ಒಡಕು ಬಟ್ಟಲು.

ಮತ್ತೊಮ್ಮೆ ಹೊರಟೆವು. ಮತ್ತೆ ಅದೇ ಬಾಗಿಲು.

ಆಗ ನನಗೆ ತಡೆಯಲಿಲ್ಲ. "ಏನು ಎತ್ಕೊಂಡಿದ್ದೀಯೋ? ಬಾಯಿ ಬಿಡು!" ಎಂದೆ.

"ಏನೂ ಇಲ್ಲ ಅಕ್ಕಾ. ನಾನು ಆ ತೋಟಾನೇ ನೋಡಿಲ್ಲ."

"ಸುಳ್ಳು! ಹುಟ್ಟಿದಾಗಿಂದ ನಿನ್ನ ಕೈ ನಂಗೆ ಗೊತ್ತು."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಹೊತ್ತು ತರುವಾಗ ನನ್ನ ಎಡಭುಜದ ಮೇಲೆ ಕೆನ್ನೆ ಇಟ್ಟಿದ್ದ. "ನಿನ್ನ ಭುಜ ಎಷ್ಟು ತಣ್ಣಗಿದೆ ಅಕ್ಕಾ, ಜ್ವರಕ್ಕೆ ಹಿತವಾಗಿದೆ" ಎಂದಿದ್ದ. ಅಷ್ಟು ಮಳೆಯಲ್ಲಿ ತಣ್ಣಗಿರದೆ ಇನ್ನೇನು.

ಸಾಯಂಕಾಲ ಕುದಿಯುವ ಪಾತ್ರೆಯನ್ನು ಬಟ್ಟೆ ಇಲ್ಲದೆ ಎಡಗೈಯಲ್ಲಿ ಎತ್ತಿ ಇಳಿಸಿದೆನಂತೆ. ಮುದುಕರು ಹೇಳಿದ ಮೇಲೆ ಗೊತ್ತಾಯಿತು. ಸುಡಲಿಲ್ಲ. ಹದಿನೈದು ವರ್ಷದ ಅಡುಗೆಯವಳ ಕೈ, ಒರಟಾಗಿದೆ.

ಆಗಸ್ಟ್ 16, ಶನಿವಾರ

ಇವತ್ತೂ ಎರಡು ಸಲ ಇಳಿದು ಎರಡು ಸಲವೂ ಇಲ್ಲಿಗೇ ಬಂದೆವು.

ಅವನನ್ನು ಮೈಮೇಲೆ ನೂಲಿಲ್ಲದಂತೆ ಶೋಧಿಸಿದೆ. ಅಂಗಿಯ ಹೊಲಿಗೆ ಬಿಚ್ಚಿ ನೋಡಿದೆ. ಕೂದಲೊಳಗೆ ಬೆರಳಾಡಿಸಿದೆ. ಅವನ ಬೂಟುಗಳನ್ನು ಮಗುಚಿ ನೆಲಕ್ಕೆ ಬಡಿದೆ, ಒಳಗಿನಿಂದ ನಮ್ಮೂರಿನ ಕೆಂಪುಮಣ್ಣು ಬಿಟ್ಟರೆ ಏನೂ ಬೀಳಲಿಲ್ಲ. ಮುದುಕರು ಕೇಳದೆಯೇ ತಾವೂ ಬಿಚ್ಚಿ ತೋರಿಸಿದರು, ಎಪ್ಪತ್ತು ವರ್ಷದ ಮನುಷ್ಯ, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು.

"ನಿನ್ನ ಹತ್ರ ಏನೂ ಇಲ್ವಲ್ಲ ಲಿಮುಂಗಾ?" ಎಂದರು.

"ನನ್ನ ಹತ್ರಾನಾ? ನನ್ನನ್ನ ಕೇಳ್ತೀರಾ? ನೀವು ಬೇಟೆ ಬಿಟ್ಟ ಮೇಲೆ ಈ ಬೆಟ್ಟ ನೋಡ್ಕೊಂಡವಳು ನಾನು! ಒಂದು ಕಡ್ಡಿ ಕೂಡ ಇಳಿಸಿದವಳಲ್ಲ."

"ತಪ್ಪಾಯ್ತು ತಾಯೀ" ಎಂದರು. ಆಮೇಲೆ ಯಾರೂ ನನ್ನನ್ನು ಶೋಧಿಸಲು ಬರಲಿಲ್ಲ, ನಾನೂ ಬಿಚ್ಚಿ ತೋರಿಸಲಿಲ್ಲ.

ಇಕೋಮೆ ನಡುಗುತ್ತಿದ್ದ. ಹೊದಿಸುವಾಗ ನನ್ನ ಕೈ ಹಿಡಿದುಕೊಂಡ.

"ಚಿಲುಮೆ ವಿಷಯ ತಾನೇ ಅಕ್ಕಾ? ಎಂಟು ವರ್ಷದಿಂದ ಅದೇ ತಾನೇ?"

ಕಂಬಳಿಯನ್ನು ಅವನ ಕುತ್ತಿಗೆಯವರೆಗೆ ಎಳೆದೆ.

"ಅಮ್ಮ ಕೇಳಿದ್ಲು. ಕೊನೇ ದಿನ, ನೀನು ನೀರಿಗೆ ಹೋಗಿದ್ದೆ. 'ಇದನ್ನ ನನ್ನ ಜೊತೆ ಮಣ್ಣಿಗೆ ಹಾಕು, ಲಿಮುಂಗಾಗೆ ಹೇಳ್ಬೇಡ, ಅವಳು ಇಟ್ಕೊಂಡು ಅಳ್ತಾ ಕೂರ್ತಾಳೆ' ಅಂದ್ಲು. ಪೆಟ್ಟಿಗೆ ಮುಚ್ಚೋ ಮುಂಚೆ ಅವಳ ಕೈಯಲ್ಲೇ ಇಟ್ಟೆ."

"ಹೇಳೋಕೇನಾಗಿತ್ತು ನಿಂಗೆ?"

"ನೀನು ಕೇಳ್ತೀಯ ಅಂತ ಕಾಯ್ತಿದ್ದೆ."

ಅತ್ತೆ. ವಿಚಿತ್ರ, ಬಲಗಣ್ಣಿನಿಂದ ಮಾತ್ರ ನೀರು ಬಂತು. ಎಡಗಡೆಯ ಕೆನ್ನೆ ಒಣಗಿಯೇ ಇತ್ತು. ಗಾಳಿ ಆ ಕಡೆಯಿಂದ ಬೀಸುತ್ತಿದೆ.

ಅಂದರೆ ಇವನ ಹತ್ತಿರ ಏನೂ ಇಲ್ಲ. ಮತ್ತೆ ಯಾಕೆ ಬಿಡುತ್ತಿಲ್ಲ? ಮರಿಯ ಉಸಿರು ಸಣ್ಣಗಾಗುತ್ತಿದೆ. ಚಿಕ್ಕವನಿದ್ದಾಗ ಇವನನ್ನು ಮರಿ ಎನ್ನುತ್ತಿದ್ದೆ.

ಆಗಸ್ಟ್ 17, ಭಾನುವಾರ

ಮೋಲಾ ಎಫಾಂಗೆ ಬೆಳಿಗ್ಗೆ ಎದ್ದವರೇ ನನ್ನ ಎಡಗೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಬೆರಳಿನಿಂದ ತಟ್ಟಿ ನೋಡಿದರು. ನನಗೆ ನಗು ಬಂತು.

"ಏನು ಮೋಲಾ, ತೆಂಗಿನಕಾಯಿ ನೋಡೋ ಹಾಗೆ ನೋಡ್ತಿದ್ದೀರಾ?"

"ಏನಿಲ್ಲಮ್ಮ." ನನ್ನ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. "ಮೂವರೂ ಒಟ್ಟಿಗೆ ಹೋದ್ರೆ ಯಾರನ್ನ ಹಿಡಿದಿದ್ದಾನೆ ಅಂತ ಗೊತ್ತಾಗಲ್ಲ. ಬೇರೆ ಬೇರೆ ಹೋಗೋಣ. ನಾನು ಹುಡುಗನ್ನ ಎಳ್ಕೊಂಡು ಮುಂದೆ ಹೋಗ್ತೀನಿ. ನೀನು ಆಮೇಲೆ ಹೊರಡು."

ಸರಿಯೆನಿಸಿತು. ಮಂಜು ಇವರನ್ನು ವಾಪಸು ತಂದು ಬಿಟ್ಟರೆ ಬಿಸಿನೀರು ಕಾಸಿಕೊಂಡು ನಾನಿರುತ್ತೇನೆ. ಹಗ್ಗಕ್ಕೆ ಕಂಬಳಿ ಕಟ್ಟಿ ಮರಿಯನ್ನು ಅದರಲ್ಲಿ ಮಲಗಿಸಿದೆವು. ಮುದುಕರು ನನ್ನ ಹಣೆ ಮುಟ್ಟಿದರು. ಅವರು ಹಾಗೆಲ್ಲ ಮಾಡುವವರಲ್ಲ.

"ನೀನು ಬರ್ತೀಯಲ್ಲ ಅಕ್ಕಾ?" ಎಂದ ಮರಿ.

"ನಿನ್ನ ಹಿಂದೇನೇ. ನಾನು ಬರೋ ಹೊತ್ತಿಗೆ ಕೆಸುವಿನಗಡ್ಡೆ ಬೇಯಿಸಿಟ್ಟಿರು."

ಅವರು ಇಪ್ಪತ್ತು ಹೆಜ್ಜೆ ಹೋಗಿರಬೇಕು. ಮಂಜು ಪರದೆ ಸರಿಸಿದ ಹಾಗೆ ಎರಡೂ ಕಡೆ ಸರಿಯಿತು. ದಾರಿ ಕಾಣಿಸಿತು, ಹುಲ್ಲಿನ ಇಳಿಜಾರು, ಕಾಡಿನ ಅಂಚು, ಊರಿನ ತಗಡು, ಕಡಲು, ಎಲ್ಲ. ಬಿಸಿಲು ಬಿತ್ತು. ಮುದುಕರು ಒಮ್ಮೆ ತಿರುಗಿ ನೋಡಿ ಕೈ ಎತ್ತಿದರು. ಮರಿ ಏನೋ ಕೂಗಿದ, ಕೇಳಿಸಲಿಲ್ಲ. ಎಡಗಿವಿ ಇವತ್ತು ಸರಿಯಾಗಿ ಕೇಳಿಸುತ್ತಿಲ್ಲ. ಅವರು ಕಾಡಿನ ಅಂಚು ದಾಟುವವರೆಗೆ ನಿಂತು ನೋಡಿದೆ.

ಅವನು ಇಳಿದ. ಅಜ್ಜಾ, ನಿನಗೆ ಪುಣ್ಯ ಬರಲಿ, ಅವನು ಇಳಿದ!

ಖುಷಿಯಲ್ಲಿ ನನ್ನ ಮೂಟೆ ಕಟ್ಟಿ ಹೊರಟೆ. ಮಂಜು ಮುಚ್ಚಿತು. ಒಂದು ಗಂಟೆ ನಡೆದು ತಗಡಿನ ಬಾಗಿಲಿಗೆ ಬಂದೆ.

ಆಗಸ್ಟ್ 18, ಸೋಮವಾರ

ನಾಲ್ಕು ಸಲ ಹೊರಟೆ.

ಕಡೆಗೆ ಹೊರಗೆ ಕೂತು, ಇರುವುದನ್ನೆಲ್ಲ ಒಂದೊಂದಾಗಿ ಹರಡಿದೆ. ಪಾತ್ರೆ, ಉಪ್ಪು, ಮಿಕ್ಕ ಹಗ್ಗ, ಈ ಪುಸ್ತಕ. ಎಲ್ಲವೂ ಕೆಳಗಿನಿಂದ ಬಂದದ್ದು. ಆಮೇಲೆ ಎಡ ಬೂಟು ಬಿಚ್ಚಿದೆ. ಹಗ್ಗ ಕೊಯ್ಯಬೇಕಾಯಿತು.

ಹುಲ್ಲು ಹಸಿರಾಗಿತ್ತು. ಬುಧವಾರ ಒಣಗಿದ್ದ ಹುಲ್ಲು. ಬಿಳಿಯ ಬೇರು ಬಿಟ್ಟು ಬೆರಳ ಸಂದಿಯಲ್ಲೆಲ್ಲ ಹಿಡಿದುಕೊಂಡಿತ್ತು. ಎಳೆದೆ. ಬರಲಿಲ್ಲ. ನೋವೂ ಆಗಲಿಲ್ಲ.

ಅಂದರೆ ನಾನು. ಅವನ ಹೊಲಿಗೆ ಬಿಚ್ಚಿ ನೋಡಿದವಳು ನಾನು, ಅವನ ಬೂಟು ನೆಲಕ್ಕೆ ಬಡಿದವಳು ನಾನು. ನನ್ನ ಬೂಟು ಕಾಲಲ್ಲೇ ಇತ್ತು. ಕದಿಯಬೇಕೆಂದು ತೆಗೆದುಕೊಳ್ಳಲಿಲ್ಲ ಅಜ್ಜಾ, ಕಾಲು ಒದ್ದೆಯಾಗಿತ್ತು. ಇನ್ನು ಯಾರನ್ನೂ ಕಳ್ಳ ಎನ್ನುವ ಬಾಯಿ ನನಗಿಲ್ಲ. ನಾಚಿಕೆಯಾಗುತ್ತಿದೆ. ಅವನು ಕೆಳಗೆ ಬೆಚ್ಚಗೆ ಮಲಗಿದ್ದಾನೆ ಎಂಬುದೊಂದೇ ಸಮಾಧಾನ.

ಕಾಲು ಮರಗಟ್ಟಿದೆ. ಬಿಸಿಲು ಬಂದರೆ ಸರಿಹೋದೀತು. ಆಮೇಲೆ ಆ ತೋಟ ಹುಡುಕಿ ಹುಲ್ಲು ವಾಪಸು ಕೊಟ್ಟು ಇಳಿಯುತ್ತೇನೆ.

ಆಗಸ್ಟ್ 19

ಬೆನ್ನಿಗೆ ಹಿತವಾಗಿದೆ ಎಂದು ದಾರಿಯ ಬದಿಯಲ್ಲಿ ಕೂತಿದ್ದೇನೆ. ಇಲ್ಲಿಂದ ಊರು ಕಾಣುತ್ತದೆ. ಹಸಿವಿಲ್ಲ.

ಆಗಸ್ಟ್ 23

ನನ್ನನ್ನು ಹುಡುಕಿಕೊಂಡು ಮೋಲಾ ಎಫಾಂಗೆ ಆರು ಜನರನ್ನು ಕರೆತಂದಿದ್ದರು. "ಲಿಮುಂಗಾ, ಲಿಮುಂಗಾ" ಎಂದು ಗಂಟಲು ಹರಿಯುವಂತೆ ಕೂಗಿದರು. "ಇಲ್ಲೇ ಇದ್ದೀನಲ್ಲ, ಕಣ್ಣು ಕಾಣ್ಸಲ್ವಾ?" ಎಂದೆ. ಈ ಗಂಡಸರಿಗೆ ಮೂಗಿನ ಮುಂದಿರುವುದು ಯಾವತ್ತು ಕಂಡಿದೆ?

ಒಬ್ಬ ನನ್ನ ಪಕ್ಕದಲ್ಲೇ ನಿಂತು, "ಈ ಬಂಡೆ ಇಲ್ಲಿ ಇರ್ಲಿಲ್ವಲ್ಲ ಮೋಲಾ" ಎಂದ.

ಮುದುಕರು ಬಂದು ನೋಡಿದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ಸಾಕು, ಇಳೀರಿ" ಎಂದರು.

ಮರಿಯ ಕಾಲು ಉಳಿಯಿತಂತೆ. ಅವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ಬಲಗಿವಿಗೆ ಬಿತ್ತು. ಕುಂಟುತ್ತಾನಂತೆ, ಆದರೆ ಉಳಿಯಿತು.

ಅಕ್ಟೋಬರ್, ಯಾವ ದಿನವೋ

ಮಳೆ. ಬಲಗಡೆಗೆ ಮಾತ್ರ ಚಳಿ. ಕೆಲವು ಬೆಳಗು ನನ್ನ ಹಿಂದೆ ಗುದ್ದಲಿಯ ಸದ್ದು ಕೇಳುತ್ತದೆ. ಹೆದರಿಕೆಯಾಗುವುದಿಲ್ಲ. ಕೆಲಸ ಮಾಡುವವನ ಸದ್ದು, ಅಷ್ಟೇ. ನಿನ್ನೆ ಮಡಿಲಲ್ಲಿ ಒಂದು ಗೇಣು ಕಬ್ಬು ಇತ್ತು.

ನವೆಂಬರ್ 29, ಶನಿವಾರ

ಮಳೆ ಮುಗಿದಿದೆ. ಇವತ್ತು ಈ ಕಾಲದ ಮೊದಲ ತಂಡ ಹತ್ತಿ ಬಂತು, ಅವರ ಮಾತಿನಿಂದಲೇ ವಾರ, ತಾರೀಕು ತಿಳಿದದ್ದು. ನಾಲ್ಕು ಜನ. ಒಬ್ಬಳು ಉಸ್ಸಪ್ಪ ಎಂದು ಚೀಲವನ್ನು ನನ್ನ ಎಡತೊಡೆಯ ಮೇಲಿಟ್ಟಳು. "ನೋಡ್ರೋ, ಈ ಕಲ್ಲು ಕೂತಿರೋ ಹೆಂಗಸಿನ ಥರಾನೇ ಇದೆ" ಎಂದು ನಕ್ಕಳು.

"ಚೀಲ ತೆಗೀರಮ್ಮ" ಎಂದ ದಾರಿ ತೋರಿಸುವವನು. "ಅದು ನಮ್ಮಕ್ಕನ ಜಾಗ."

ಮರಿ. ಒಂದು ಕಾಲು ಎಳೆಯುತ್ತಿದ್ದ. ಗಡ್ಡ ಬಿಟ್ಟಿದ್ದಾನೆ, ಬೋಳಿಸು ಎಂದೆ. ಎಷ್ಟು ಮಾತಾಡಿದರೂ ತಿರುಗಿ ಮಾತಾಡಲಿಲ್ಲ. ಬೆಳಗಿನ ಗಾಳಿ ಜೋರು, ಕೇಳಿಸಿರಲಿಕ್ಕಿಲ್ಲ.

ತಂಡದವರನ್ನು ತಂಗುಮನೆಗೆ ಕಳಿಸಿ ನನ್ನ ಪಕ್ಕದಲ್ಲಿ ಕೂತ. ಎಲೆಯಲ್ಲಿ ಕಟ್ಟಿ ತಂದಿದ್ದ ಬೇಯಿಸಿದ ಕೆಸುವಿನಗಡ್ಡೆಯನ್ನು ನನ್ನ ಮುಂದಿಟ್ಟ. "ಊಟ ಆಯ್ತಾ ಅಕ್ಕಾ?" ಎಂದ. ಆಗ ನನ್ನ ಬಲಗೈ ಕೆಳಗಿದ್ದ ಈ ಪುಸ್ತಕ ಅವನ ಕಣ್ಣಿಗೆ ಬಿತ್ತು.

ತೆಗೆದುಕೊಂಡ. ಓದಬೇಡ ಎಂದೆ. ಮೊದಲ ಹಾಳೆಯಲ್ಲೇ ಅವನನ್ನು ಕಳ್ಳ ಎಂದು ಬರೆದಿದ್ದೇನಲ್ಲ. ಅವನು ಅಲ್ಲಿಂದಲೇ ಶುರುಮಾಡಿದ. ಹುಲ್ಲಿನ ವಿಷಯ ಬಂದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಬಗ್ಗಿ ನನ್ನ ಎಡಪಾದದ ಬಳಿ ನೋಡಿದ. ಹುಲ್ಲು ಈಗ ಮೊಳದುದ್ದ ಬೆಳೆದಿದೆ. ಅದನ್ನು ಕೀಳಲಿಲ್ಲ. ಮಗುವಿನ ತಲೆ ಸವರುವಂತೆ ಒಮ್ಮೆ ಸವರಿದ. ಬಹಳ ಹೊತ್ತು ಅತ್ತ.

ಪುಸ್ತಕ ಅವನಿಗೇ ಸೇರಬೇಕಾದದ್ದು, ನನ್ನ ಅಕ್ಷರ ಬಿಟ್ಟರೆ ಅವನ ಪಾಲಿಗೆ ನನ್ನದೇನೂ ಉಳಿದಿಲ್ಲ. ಅದು ಕೆಳಗಿನಿಂದಲೇ ಬಂದದ್ದು, ಒಯ್ದಿದ್ದರೆ ಅಜ್ಜನೂ ಕೇಳುತ್ತಿರಲಿಲ್ಲ. ತೆಗೆದುಕೊಂಡು ಹೋಗು ಎಂದು ನಾನೂ ಹೇಳಿದೆ. ಅವನು ಅದನ್ನು ಮಳೆ ತಾಗದಂತೆ ತನ್ನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ. ಎದೆಗೆ ಒತ್ತಿಕೊಂಡ.

ಆಮೇಲೆ ನನ್ನ ಕೈಯ ಕೆಳಗೆ, ಇದ್ದ ಜಾಗದಲ್ಲೇ ವಾಪಸು ಇಟ್ಟ. ತನ್ನ ಹೊಸ ಪೆನ್ನನ್ನೂ ಪಕ್ಕಕ್ಕಿಟ್ಟ. ಎದ್ದು ನಿಂತು, ನಾನು ಕಲಿಸಿದಂತೆಯೇ, ಎರಡೂ ಜೇಬು ಮಗುಚಿ ಕೊಡವಿದ. ಎರಡೂ ಬೂಟು ಬಿಚ್ಚಿ ಕೊಡವಿದ.

ಏನನ್ನೂ ಒಯ್ಯಲಿಲ್ಲ. ಅವನು ಯಾವತ್ತೂ ಏನನ್ನೂ ಒಯ್ದವನಲ್ಲ.

ಬಿಸಿಲು ಚೆನ್ನಾಗಿದೆ. ನಾಳೆಗೆ ಕಾಲು ಸರಿಹೋದರೆ ನಾನೂ ಇಳಿಯುತ್ತೇನೆ.